ಸಿ.ಡಿ. ಬರೆಯಲು ಎರಡು ದಾರಿ: ಬಟನ್ ಒತ್ತುವುದೋ, ಕಮಾಂಡ್ ಬರೆಯುವುದೋ?

ಎಂಆರ್‌ಐ, ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರ ಕೈಗೆ ರಿಪೋರ್ಟಿನ ಜೊತೆ ಒಂದು ಸಿ.ಡಿ. ಕೊಡುವ ಸ್ಕ್ಯಾನಿಂಗ್ ಸೆಂಟರುಗಳು ಇವತ್ತಿಗೂ ಇವೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಡ್ರೈವ್ ಇರುವುದಿಲ್ಲ, ಹಾಡು ಕೇಳಲು ಯಾರೂ ಸಿ.ಡಿ. ಹುಡುಕುವುದಿಲ್ಲ. ಆದರೂ ಮನೆಮನೆಯ ಬೀರುಗಳಲ್ಲಿ ಮದುವೆಯ ವಿಡಿಯೊ, ಯಕ್ಷಗಾನದ ರೆಕಾರ್ಡಿಂಗ್, ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಸಂಪ್ರದಾಯದ ಹಾಡು, ಡಿಜಿಟಲ್ ಕ್ಯಾಮೆರಾ ಬಂದ ಹೊಸತರಲ್ಲಿ ತೆಗೆದ ಫೋಟೊಗಳು ಸಿ.ಡಿ.ಗಳಲ್ಲೇ ಉಳಿದಿವೆ. ಎಷ್ಟೋ ಸಂದರ್ಭಗಳಲ್ಲಿ ಅವುಗಳಿಗೆ ಬೇರೆ ಪ್ರತಿಯೇ ಇಲ್ಲ.

ಈ ಸಿ.ಡಿ.ಗಳನ್ನೆಲ್ಲ ಯಾರೋ ಕಂಪ್ಯೂಟರಿನ ಮುಂದೆ ಕೂತು ‘ರೈಟ್’ ಮಾಡಿದ್ದಾರೆ. ಬಹುಮಂದಿ ನೀರೋದಂಥ ತಂತ್ರಾಂಶ ತೆರೆದು, ಫೈಲುಗಳನ್ನು ಮೌಸಿನಿಂದ ಎಳೆದು ಹಾಕಿ, ‘ಬರ್ನ್’ ಬಟನ್ ಒತ್ತಿದರು. ಲಿನಕ್ಸ್ ಬಳಸುತ್ತಿದ್ದ ಕೆಲವರು ಟರ್ಮಿನಲ್ಲಿನಲ್ಲಿ ಒಂದೆರಡು ಸಾಲಿನ ಕಮಾಂಡ್ ಟೈಪ್ ಮಾಡಿದರು. ಇನ್ನೂ ಕೆಲವರು ಆ ಸಾಲುಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಬೇಕಾದಾಗೆಲ್ಲ ಅದನ್ನು ಓಡಿಸಿದರು. ಅದೇ ಸ್ಕ್ರಿಪ್ಟ್. ಈ ಎರಡು ಬಣಗಳ ನಡುವಿನ ವಾದ ಹಳೆಯದು. ಬಟನ್ ಒತ್ತುವವರಿಗೆ ಒಳಗೇನು ನಡೆಯುತ್ತದೆಂದು ಗೊತ್ತಿಲ್ಲ ಎಂದು ಇವರು, ಕಮಾಂಡಿನವರು ಸುಮ್ಮನೆ ಕಷ್ಟಪಡುತ್ತಾರೆ ಎಂದು ಅವರು.

ಈ ವಾದ ಸಿ.ಡಿ.ಯ ಜೊತೆಗೇ ಮುಗಿದುಹೋಗಲಿಲ್ಲ. ಪೆನ್ ಡ್ರೈವಿಗೆ ಲಿನಕ್ಸ್ ಹಾಕುವಾಗ, ಫೋಟೊಗಳ ಬ್ಯಾಕಪ್ ಮಾಡುವಾಗ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಎದುರಾಗುತ್ತದೆ. ಆದರೆ ಸಿ.ಡಿ. ಬರೆಯುವ ಕೆಲಸದಲ್ಲಿ ಅದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಒಮ್ಮೆ ಬರೆಯುವ ಸಿ.ಡಿ.ಯಲ್ಲಿ ಬರೆದದ್ದನ್ನು ಅಳಿಸಲು ಬರುವುದಿಲ್ಲ. ಹಾಗಾಗಿ ಒಳ್ಳೆಯ ಸಲಕರಣೆ ಯಾವುದು, ಅದು ಏನನ್ನು ತೋರಿಸಬೇಕು, ಏನನ್ನು ತಾನೇ ನೋಡಿಕೊಳ್ಳಬೇಕು ಎಂಬುದು ಇಲ್ಲಿ ಕೂಡಲೇ ಪರೀಕ್ಷೆಗೆ ಒಳಗಾಗುತ್ತದೆ.

ಬಟನ್ ಒತ್ತಿದ ಮೇಲೆ ನಡೆಯುವುದೇನು?

‘ಸಿ.ಡಿ. ರೈಟ್ ಮಾಡು’ ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ವಾಸ್ತವದಲ್ಲಿ ಅಲ್ಲಿ ಎರಡು ಕೆಲಸಗಳಿವೆ. ಮೊದಲನೆಯದು, ಕಂಪ್ಯೂಟರಿನಲ್ಲಿ ಅಲ್ಲಲ್ಲಿ ಚದುರಿರುವ ಫೈಲುಗಳನ್ನು ಸಿ.ಡಿ.ಗೆ ಒಗ್ಗುವ ಕ್ರಮದಲ್ಲಿ ಜೋಡಿಸಿ ಒಂದೇ ದೊಡ್ಡ ಫೈಲ್ ಮಾಡುವುದು. ಇದಕ್ಕೆ ಇಮೇಜ್ ಎನ್ನುತ್ತಾರೆ. ‘ಐಎಸ್‌ಒ’ ಎಂಬ ಬಾಲವಿರುವ ಫೈಲುಗಳನ್ನು ನೋಡಿದವರಿಗೆ ಇದು ಪರಿಚಿತ. ಎರಡನೆಯದು, ಆ ಇಮೇಜನ್ನು ಲೇಸರಿನಿಂದ ಖಾಲಿ ಸಿ.ಡಿ.ಯ ಮೇಲೆ ಬರೆಯುವುದು.

ಜೋಡಿಸುವ ಕ್ರಮಕ್ಕೆ ಐಎಸ್‌ಒ 9660 ಎಂಬ ಅಂತರರಾಷ್ಟ್ರೀಯ ಮಾನಕವಿದೆ. 1988ರ ಈ ಮಾನಕದ ಮೊದಲ ಹಂತದಲ್ಲಿ ಫೈಲಿನ ಹೆಸರಿಗೆ ಎಂಟು ಅಕ್ಷರ, ಅದರ ಬಾಲಕ್ಕೆ ಮೂರು ಅಕ್ಷರ ಮಾತ್ರ. ಅದೂ ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಮತ್ತು ಅಡಿಗೆರೆ ಬಿಟ್ಟು ಬೇರೇನೂ ಸಲ್ಲದು. ಸ್ಕ್ಯಾನಿಂಗ್ ಸೆಂಟರಿನ ಸಿ.ಡಿ. ತೆರೆದವರು ಒಳಗೆ ಬಾಲವಿಲ್ಲದ, ಅರ್ಥವಾಗದ ಪುಟ್ಟ ಹೆಸರುಗಳ ಫೈಲುಗಳನ್ನು ನೋಡಿರುತ್ತಾರೆ. ವೈದ್ಯಕೀಯ ಚಿತ್ರಗಳ ಡೈಕಾಮ್ ಮಾನಕ ಈಗಲೂ ಸಿ.ಡಿ.ಯಲ್ಲಿ ಎಂಟು ಅಕ್ಷರಗಳ ಆ ಹಳೆಯ ಕಟ್ಟನ್ನೇ ಪಾಲಿಸುತ್ತದೆ. ಯಾವ ಊರಿನ ಯಾವ ಕಂಪ್ಯೂಟರಿನಲ್ಲಾದರೂ ಆ ಸಿ.ಡಿ. ತೆರೆದುಕೊಳ್ಳಬೇಕು ಎಂಬ ಎಚ್ಚರಿಕೆ ಅದರ ಹಿಂದಿದೆ.

ಉದ್ದದ ಹೆಸರುಗಳಿಗೆಂದು ಯುನಿಕ್ಸ್ ಲೋಕದವರು ರಾಕ್ ರಿಡ್ಜ್ ಎಂಬ ವಿಸ್ತರಣೆಯನ್ನೂ ಮೈಕ್ರೋಸಾಫ್ಟ್ ಜೋಲಿಯೆಟ್ ಎಂಬುದನ್ನೂ ತಂದರು. ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇದು ಮುಖ್ಯವಾದ ವಿಷಯ. ಜೋಲಿಯೆಟ್ ಯುನಿಕೋಡ್ ಬಳಸುವುದರಿಂದ ಅದರಲ್ಲಿ ಕನ್ನಡದ ಹೆಸರು ಉಳಿಯುತ್ತದೆ, ಆದರೆ 64 ಸಂಕೇತಗಳ ಮಿತಿಯಿದೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಶ್ರೀ’ ಯುನಿಕೋಡಿನ ಲೆಕ್ಕದಲ್ಲಿ ನಾಲ್ಕು ಸಂಕೇತ: ಶಕಾರ, ಹಲಂತ ಚಿಹ್ನೆ, ರಕಾರ, ದೀರ್ಘದ ಗುಣಿತ. ಹಾಗಾಗಿ ಒತ್ತಕ್ಷರ ತುಂಬಿದ ಕನ್ನಡದ ಹೆಸರು ನಾವೆಣಿಸಿದ್ದಕ್ಕಿಂತ ಬೇಗ ಮಿತಿ ಮುಟ್ಟುತ್ತದೆ. ಪ್ರಸಂಗದ ಹೆಸರು, ಭಾಗವತರ ಹೆಸರು, ಊರು, ತಾರೀಖು ಎಲ್ಲವನ್ನೂ ಫೈಲಿನ ಹೆಸರಿನಲ್ಲೇ ಸೇರಿಸುವವರು ಇದನ್ನು ನೆನಪಿಡಬೇಕು.

ಇನ್ನು ಬರೆಯುವ ಕೆಲಸ. ಖಾಲಿ ಸಿ.ಡಿ.ಯಲ್ಲಿ ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಗೆರೆಯಿದೆ. ಸುತ್ತಿನಿಂದ ಸುತ್ತಿಗೆ ಅಂತರ 1.6 ಮೈಕ್ರಾನ್. ಬಿಡಿಸಿ ಹಿಡಿದರೆ ಅದರ ಉದ್ದ 5 ಕಿಲೋಮೀಟರಿಗಿಂತ ಹೆಚ್ಚು. ಅದರ ಮೇಲೆ ಬಣ್ಣದ ತೆಳುವಾದ ಲೇಪವಿದೆ. ಲೇಸರಿನ ಶಾಖ ತಾಗಿದ ಕಡೆ ಆ ಬಣ್ಣ ಬದಲಾಗಿ, ಬೆಳಕನ್ನು ಮರಳಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಹೊಳೆಯುವ ಜಾಗ ಮತ್ತು ಮಂಕಾದ ಜಾಗಗಳ ಸಾಲೇ ನಮ್ಮ ಹಾಡು, ನಮ್ಮ ಫೋಟೊ. ಡೇಟಾ ಸಿ.ಡಿ.ಯಲ್ಲಿ ಸೆಕೆಂಡಿಗೆ 75 ಸೆಕ್ಟರ್, ಸೆಕ್ಟರಿಗೆ 2,048 ಬೈಟ್. 80 ನಿಮಿಷದ ಸಿ.ಡಿ. ಎಂದರೆ 3,60,000 ಸೆಕ್ಟರ್. ಅದರ ಮೇಲೆ ಅಚ್ಚಾಗಿರುವ 700 ಎಂ.ಬಿ. ಎಂಬ ಅಂಕಿ ಈ ಲೆಕ್ಕದಿಂದಲೇ ಬಂದದ್ದು.

ಮೊದಮೊದಲ ಸಿ.ಡಿ. ರೈಟರುಗಳಲ್ಲಿ ಲೇಸರ್ ಒಮ್ಮೆ ಬರೆಯಲು ತೊಡಗಿದರೆ ನಡುವೆ ನಿಲ್ಲುವಂತಿರಲಿಲ್ಲ. ಕಂಪ್ಯೂಟರಿನಿಂದ ಮಾಹಿತಿ ಬರುವುದು ಕ್ಷಣ ತಡವಾದರೂ ಸಾಕು, ಗೆರೆ ಅಲ್ಲಿಗೇ ತುಂಡಾಗಿ ಸಿ.ಡಿ. ಕೈಬಿಟ್ಟುಹೋಗುತ್ತಿತ್ತು. ಬರೆಯುವಾಗ ಮೌಸ್ ಮುಟ್ಟಬೇಡಿ, ಬೇರೆ ಪ್ರೋಗ್ರಾಮ್ ತೆರೆಯಬೇಡಿ ಎಂದು ಹಳಬರು ಹೇಳುತ್ತಿದ್ದುದು ಇದೇ ಕಾರಣಕ್ಕೆ. 2000ರಲ್ಲಿ ಸ್ಯಾನ್ಯೊ ಕಂಪನಿ ‘ಬರ್ನ್ ಪ್ರೂಫ್’ ತಂತ್ರ ತಂದ ಮೇಲೆ ಲೇಸರ್ ನಿಂತು, ಬಿಟ್ಟ ಜಾಗದಿಂದಲೇ ಮುಂದುವರಿಯುವುದು ಸಾಧ್ಯವಾಯಿತು.

ಕಮಾಂಡಿನ ಬಲ, ಕಮಾಂಡಿನ ಕಷ್ಟ

ಯುನಿಕ್ಸ್, ಲಿನಕ್ಸ್ ಲೋಕದಲ್ಲಿ ಈ ಎರಡು ಕೆಲಸಗಳಿಗೆ ಎರಡು ಪ್ರತ್ಯೇಕ ಪ್ರೋಗ್ರಾಮುಗಳು ಬಂದವು. ಇಮೇಜ್ ತಯಾರಿಸಲು ಎರಿಕ್ ಯಂಗ್‌ಡೇಲ್ 1993ರಲ್ಲಿ ಬರೆದ ‘ಎಂಕೆಐಸೋಎಫ್‌ಎಸ್’. ಸಿ.ಡಿ.ಗೆ ಬರೆಯಲು ಜರ್ಮನಿಯ ಯೋರ್ಗ್ ಶಿಲ್ಲಿಂಗ್ ಅವರ ‘ಸಿಡಿರೆಕಾರ್ಡ್’. ಶಿಲ್ಲಿಂಗ್ 2021ರಲ್ಲಿ ತೀರಿಕೊಂಡರು, ಅಲ್ಲಿಯವರೆಗೂ ಈ ಕೆಲಸವನ್ನು ಬಿಡಲಿಲ್ಲ.

ಸಿಡಿರೆಕಾರ್ಡ್ ನೋಡಲು ಒಣಕಲು ಪ್ರೋಗ್ರಾಮ್, ಆದರೆ ಅದರ ಒಳಗಿನ ಎಚ್ಚರಿಕೆ ದೊಡ್ಡದು. ಲೇಸರ್ ನಿಲ್ಲುವಂತಿಲ್ಲದ ಆ ಕಾಲದಲ್ಲಿ ಅದು ಕಂಪ್ಯೂಟರಿನ ಮೆಮೊರಿಯಲ್ಲಿ 4 ಎಂ.ಬಿ. ಜಾಗ ಹಿಡಿದು, ಮಾಹಿತಿಯನ್ನು ಮುಂಚಿತವಾಗಿ ಅಲ್ಲಿ ತುಂಬಿಸಿಟ್ಟುಕೊಳ್ಳುತ್ತಿತ್ತು. ಉಳಿದ ಪ್ರೋಗ್ರಾಮುಗಳಿಗಿಂತ ತನಗೆ ಮೊದಲ ಸರದಿ ಸಿಗುವಂತೆ ಆಪರೇಟಿಂಗ್ ಸಿಸ್ಟಮ್ಮನ್ನು ಕೇಳಿಕೊಳ್ಳುತ್ತಿತ್ತು. ಲೇಸರನ್ನು ಉರಿಸದೆ ಇಡೀ ಕೆಲಸವನ್ನು ಅಣಕು ಓಟವಾಗಿ ನಡೆಸಿ ನೋಡುವ ಆಯ್ಕೆಯನ್ನೂ ಇಟ್ಟಿತ್ತು. ಖಾಲಿ ಸಿ.ಡಿ. ದುಬಾರಿಯಾಗಿದ್ದ ಕಾಲಕ್ಕೆ ಅದು ದೊಡ್ಡ ಉಪಕಾರ.

ಆದರೆ ಹೊಸಬರು ಈ ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಡ್ರೈವ್ ಯಾವುದು ಎಂದು ಹೇಳಲು ‘ಸೊನ್ನೆ, ಸೊನ್ನೆ, ಸೊನ್ನೆ’ ಎಂಬಂಥ ಮೂರಂಕಿಯ ವಿಳಾಸ ಬೇಕಿತ್ತು. ಅದನ್ನು ತಿಳಿಯಲು ಮೊದಲು ಇನ್ನೊಂದು ಕಮಾಂಡ್ ಕೊಡಬೇಕಿತ್ತು. ಮಾಮೂಲು ಐಡಿಇ ಡ್ರೈವ್ ಇದ್ದವರು ಅದು ಸ್ಕಸಿ ಎಂಬ ಇನ್ನೊಂದು ಬಗೆಯ ಡ್ರೈವಿನಂತೆ ಕಾಣಲೆಂದು ಲಿನಕ್ಸಿನ ಒಳಗೆ ಬೇರೊಂದು ಏರ್ಪಾಡು ಮಾಡಬೇಕಿತ್ತು. 2003ರ ಕೊನೆಗೆ ಬಂದ ಲಿನಕ್ಸ್ 2.6 ಕರ್ನೆಲ್ ಈ ತಾಪತ್ರಯ ತಪ್ಪಿಸಿತು. ಜೋಲಿಯೆಟ್ ಬೇಕೆಂದು ಹೇಳುವ ಒಂದಕ್ಷರ ಬಿಟ್ಟರೆ ವಿಂಡೋಸಿನಲ್ಲಿ ಫೈಲುಗಳ ಹೆಸರೆಲ್ಲ ಮೊಟಕಾಗಿ ಕಾಣುತ್ತಿದ್ದವು. ‘ಇನ್ನೂ ಸೇರಿಸುವುದಿದೆ’ ಎಂದು ಹೇಳುವ ಆಯ್ಕೆ ಕೊಡದಿದ್ದರೆ ಅರ್ಧ ತುಂಬಿದ ಸಿ.ಡಿ.ಯೂ ಶಾಶ್ವತವಾಗಿ ಮುಚ್ಚಿಹೋಗುತ್ತಿತ್ತು.

ಇದಕ್ಕಿಂತ ದೊಡ್ಡ ತೊಡಕು ಭಾಷೆಯದು. ಕಮಾಂಡುಗಳೆಲ್ಲ ಇಂಗ್ಲಿಷಿನ ಮೊಟಕು ರೂಪಗಳು. ಒಂದು ಅಕ್ಷರ ತಪ್ಪಿದರೆ ಕೆಲಸ ನಡೆಯದು. ಚಿತ್ರರೂಪದ, ಅಂದರೆ ಕಿಟಕಿ ತೆರೆದು ಬಟನ್ ತೋರಿಸುವ ತಂತ್ರಾಂಶದಲ್ಲಾದರೆ ಬಟನ್ನಿನ ಮೇಲಿನ ಮಾತನ್ನು ಕನ್ನಡಕ್ಕೆ ತರಬಹುದು. ಗ್ನೋಮ್, ಕೆಡಿಇ ಎಂಬ ಲಿನಕ್ಸ್ ಡೆಸ್ಕ್‌ಟಾಪುಗಳಲ್ಲಿ ಕನ್ನಡದ ಸ್ವಯಂಸೇವಕರು ಈ ಕೆಲಸವನ್ನು ಮಾಡಿಯೂ ತೋರಿಸಿದ್ದಾರೆ. ಕನ್ನಡವಷ್ಟೇ ಓದಬಲ್ಲವರಿಗೆ ಕಂಪ್ಯೂಟರನ್ನು ಹತ್ತಿರ ತರುವ ವಿಚಾರದಲ್ಲಿ ಕಿಟಕಿಗಳ ತಂತ್ರಾಂಶ ಮುಂದಿದೆ ಎಂಬುದನ್ನು ಕಮಾಂಡ್ ಪ್ರಿಯರು ಮನಸಾರೆ ಒಪ್ಪಿಕೊಳ್ಳಬೇಕು.

ಬಟನ್ನಿನ ಅನುಕೂಲ, ಬಟನ್ನಿನ ಮರೆ

1997ರಲ್ಲಿ ಜರ್ಮನಿಯ ಅಹೆಡ್ ಕಂಪನಿ ನೀರೋ ತಂದಿತು. ಸಿ.ಡಿ. ರೈಟರ್ ಕೊಂಡವರಿಗೆ ಡ್ರೈವಿನ ಡಬ್ಬಿಯಲ್ಲೇ ಅದರ ಒಂದು ಪ್ರತಿ ಸಿಗುತ್ತಿದ್ದದ್ದರಿಂದ ಫೋಟೊ ಸ್ಟುಡಿಯೊಗಳಿಂದ ಹಿಡಿದು ಸೈಬರ್ ಕೆಫೆಗಳವರೆಗೆ ಅದು ಹರಡಿತು. 2001ರಲ್ಲಿ ಆಪಲ್ ತನ್ನ ಐಟ್ಯೂನ್ಸಿನಲ್ಲಿ ಬರ್ನ್ ಬಟನ್ ಇಟ್ಟು, ಅದನ್ನೇ ಜಾಹೀರಾತಿನ ಘೋಷಣೆಯಾಗಿ ಮಾಡಿಕೊಂಡಿತು. ಅದೇ ವರ್ಷದ ವಿಂಡೋಸ್ ಎಕ್ಸ್‌ಪಿಯಲ್ಲಿ ಸಿ.ಡಿ. ಬರೆಯುವ ಸೌಲಭ್ಯ ಆಪರೇಟಿಂಗ್ ಸಿಸ್ಟಮ್ಮಿನೊಳಗೇ ಬಂತು. ಲಿನಕ್ಸಿಗೆ ಕೆತ್ರೀಬಿ, ಬ್ರಸೇರೋ ಬಂದವು.

ಇವುಗಳ ದೊಡ್ಡ ಗುಣವೆಂದರೆ ನೆನಪಿಟ್ಟುಕೊಳ್ಳುವ ಹೊರೆ ಇಲ್ಲದಿರುವುದು. ಏನೇನು ಮಾಡಬಹುದು ಎಂಬುದು ಕಣ್ಣೆದುರೇ ಇರುತ್ತದೆ, ಅದರಲ್ಲಿ ಬೇಕಾದ್ದನ್ನು ಆರಿಸಿದರಾಯಿತು. ವಿಂಡೋದ ತಳದಲ್ಲಿ ಒಂದು ಪಟ್ಟಿ ಫೈಲು ಸೇರಿದಂತೆಲ್ಲ ತುಂಬುತ್ತ ಹೋಗುತ್ತದೆ, ಮಿತಿ ಮೀರಿದರೆ ಬಣ್ಣ ಬದಲಾಗುತ್ತದೆ. 3,60,000 ಸೆಕ್ಟರಿನ ಲೆಕ್ಕ ಗೊತ್ತಿಲ್ಲದವರಿಗೂ ಸಿ.ಡಿ. ತುಂಬಿತೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಅಳಿಸಿ ಮತ್ತೆ ಬರೆಯಬಹುದಾದ ಸಿ.ಡಿ.ಯಾದರೆ, ಅದರಲ್ಲಿರುವುದನ್ನು ಅಳಿಸುವ ಮುನ್ನ ತಂತ್ರಾಂಶ ‘ಖಚಿತವೇ?’ ಎಂದು ಕೇಳುತ್ತದೆ.

ಹಾಡಿನ ಸಿ.ಡಿ. ಮಾಡುವಾಗಂತೂ ಕಿಟಕಿಗೆ ಸಾಟಿಯಿಲ್ಲ. ಯಾವ ಹಾಡಿನ ಮುಂದೆ ಯಾವುದು ಬರಬೇಕು, ನಡುವೆ ಎಷ್ಟು ಸೆಕೆಂಡು ಬಿಡುವಿರಬೇಕು, ಚಪ್ಪಾಳೆ ಎಲ್ಲಿ ಕತ್ತರಿಸಬೇಕು ಎಂಬುದೆಲ್ಲ ಕೇಳುತ್ತ, ಆಚೀಚೆ ಸರಿಸುತ್ತ ತೀರ್ಮಾನಿಸುವ ಕೆಲಸ. ಒಂದು ಸಂಗೀತ ಕಛೇರಿಯ ಮೂರು ಗಂಟೆಯ ರೆಕಾರ್ಡಿಂಗನ್ನು ಕೃತಿಗಳಾಗಿ ಬಿಡಿಸಿ ಸಿ.ಡಿ.ಗಳಿಗೆ ಹಂಚಬೇಕಾದಾಗ ಕಣ್ಣು, ಕಿವಿ, ಕೈ ಮೂರೂ ಒಟ್ಟಿಗೆ ದುಡಿಯಬೇಕು. ಅದನ್ನು ಕಮಾಂಡಿನಲ್ಲಿ ಮಾಡಹೊರಡುವುದು ವೃಥಾ ಶ್ರಮ.

ಆದರೆ ಬಟನ್ ಎಷ್ಟು ಸರಳವೋ, ಅದು ಅಷ್ಟೇ ತೀರ್ಮಾನಗಳನ್ನು ನಮ್ಮ ಪರವಾಗಿ ತಾನೇ ತೆಗೆದುಕೊಂಡಿರುತ್ತದೆ. ಇದಕ್ಕೆ ವಿಂಡೋಸ್ ವಿಸ್ತಾ ಮತ್ತು ವಿಂಡೋಸ್ 7 ಒಳ್ಳೆಯ ಉದಾಹರಣೆ. ಖಾಲಿ ಸಿ.ಡಿ. ಹಾಕಿದರೆ ವಿಂಡೋಸ್ 7 ಒಂದು ಪ್ರಶ್ನೆ ಕೇಳುತ್ತದೆ: ಪೆನ್ ಡ್ರೈವಿನಂತೆ ಬಳಸುತ್ತೀರಾ, ಸಿ.ಡಿ. ಪ್ಲೇಯರಿನಲ್ಲಿ ಬಳಸುತ್ತೀರಾ? ಮೊದಲನೆಯದನ್ನು ಆರಿಸಿದರೆ ಐಎಸ್‌ಒ 9660ರ ಬದಲು ಯುಡಿಎಫ್ ಎಂಬ ಬೇರೆಯೇ ಜೋಡಣೆ ಬಳಕೆಯಾಗುತ್ತದೆ. ಅಂಥ ಸಿ.ಡಿ. ಬರೆದ ಕಂಪ್ಯೂಟರಿನಲ್ಲಿ ಚೆನ್ನಾಗಿ ತೆರೆದುಕೊಳ್ಳುತ್ತದೆ. ಹಳೆಯ ಕಂಪ್ಯೂಟರಿನಲ್ಲಿ, ಟಿ.ವಿ. ಪಕ್ಕದ ಪ್ಲೇಯರಿನಲ್ಲಿ ಖಾಲಿಯಂತೆ ಕಾಣಬಹುದು. ‘ನಮ್ಮಲ್ಲಿ ಬರುತ್ತದೆ, ನಿಮ್ಮಲ್ಲಿ ಯಾಕೆ ಬರುವುದಿಲ್ಲ?’ ಎಂಬ ಗೊಂದಲ ಎಷ್ಟೋ ಸಲ ಹುಟ್ಟಿದ್ದು ಇಲ್ಲಿಂದಲೇ. ಕೇಳಿದ ಪ್ರಶ್ನೆ ಸುಲಭದ್ದಾಗಿತ್ತು, ಅದರ ಪರಿಣಾಮವನ್ನು ಮಾತ್ರ ಬಿಡಿಸಿ ಹೇಳಿರಲಿಲ್ಲ.

ಇನ್ನೊಂದು ಕೊರತೆ ದಾಖಲೆಯದು. ಕೆಲಸ ಮುಗಿದ ಮೇಲೆ ‘ಯಶಸ್ವಿಯಾಗಿದೆ’ ಎಂಬ ಮಾತು ಬಂದು ಹೋಗುತ್ತದೆ. ಯಾವ ವೇಗದಲ್ಲಿ ಬರೆದದ್ದು, ಯಾವ ಜೋಡಣೆ, ಬರೆದ ಮೇಲೆ ಓದಿ ತಾಳೆ ನೋಡಿತೇ ಎಂಬುದೊಂದೂ ಸಾಮಾನ್ಯವಾಗಿ ಬಳಕೆದಾರನ ಕೈಯಲ್ಲಿ ಉಳಿಯುವುದಿಲ್ಲ. ಮುಂದಿನ ತಿಂಗಳು ಅದೇ ಕೆಲಸವನ್ನು ಅದೇ ರೀತಿ ಮಾಡಬೇಕೆಂದರೆ ಯಾವ ಗುರುತು ಹಾಕಿದ್ದೆವು, ಯಾವುದನ್ನು ಬಿಟ್ಟಿದ್ದೆವು ಎಂದು ನೆನಪಿನಿಂದಲೇ ತೆಗೆಯಬೇಕು.

ಕಿಟಕಿಯ ಹಿಂದೆ ಇರುವುದೂ ಕಮಾಂಡೇ

ಈ ವಾದದಲ್ಲಿ ಬಹಳ ಮಂದಿ ಗಮನಿಸದ ಒಂದು ಸಂಗತಿಯಿದೆ. ಲಿನಕ್ಸಿನ ಕೆತ್ರೀಬಿ ತಾನೇ ಸಿ.ಡಿ. ಬರೆಯುವುದಿಲ್ಲ. ನಾವು ಮೌಸಿನಿಂದ ಮಾಡಿದ ಆಯ್ಕೆಗಳನ್ನೆಲ್ಲ ಅದು ಕಮಾಂಡಿನ ಸಾಲುಗಳಾಗಿ ಮಾಡಿ, ಎಂಕೆಐಸೋಎಫ್‌ಎಸ್, ಸಿಡಿರೆಕಾರ್ಡ್ ಮೊದಲಾದವುಗಳಿಗೆ ಒಪ್ಪಿಸುತ್ತದೆ. ಅವು ಹೇಳುವ ಉತ್ತರವನ್ನು ಓದಿ ನಮಗೆ ಪಟ್ಟಿಯಾಗಿ, ಶೇಕಡಾವಾರು ಅಂಕಿಯಾಗಿ ತೋರಿಸುತ್ತದೆ. ಕೆಲಸ ಕೆಟ್ಟರೆ ಒಳಗಿನ ವಿವರ ನೋಡುವ ಬಟನ್ ಒಂದಿದೆ. ಅದನ್ನು ಒತ್ತಿದರೆ ತಾನು ಕೊಟ್ಟ ಕಮಾಂಡನ್ನು ಇದ್ದದ್ದು ಇದ್ದಂತೆ ಬಿಚ್ಚಿಡುತ್ತದೆ.

ನನ್ನ ದೃಷ್ಟಿಯಲ್ಲಿ ಕೆತ್ರೀಬಿಯ ಅತ್ಯಂತ ಮರ್ಯಾದಸ್ಥ ಗುಣ ಇದೇ. ಬಳಸುವವನನ್ನು ಅದು ಅಜ್ಞಾನಿಯೆಂದು ಭಾವಿಸುವುದಿಲ್ಲ. ಬೇಡದವನಿಗೆ ವಿವರ ಹೇರುವುದಿಲ್ಲ, ಬೇಕಾದವನಿಂದ ಮುಚ್ಚಿಡುವುದಿಲ್ಲ. ಇವತ್ತು ಬಟನ್ ಒತ್ತಿದ ವಿದ್ಯಾರ್ಥಿ ನಾಳೆ ಆ ಸಾಲುಗಳನ್ನು ನೋಡಿ, ನಾಡಿದ್ದು ತಾನೇ ಸ್ಕ್ರಿಪ್ಟ್ ಬರೆಯಬಲ್ಲ. ಕಿಟಕಿ ಅವನಿಗೆ ಮೆಟ್ಟಿಲಾಗುತ್ತದೆ.

ಕೆಲಸವನ್ನು ಹೀಗೆ ಬೇರೆಬೇರೆ ಮಾಡಿಟ್ಟದ್ದರಿಂದ ಇನ್ನೊಂದು ಲಾಭವಾಯಿತು. 2006ರಲ್ಲಿ ಸಿಡಿರೆಕಾರ್ಡಿನ ಲೈಸೆನ್ಸ್ ಬಗ್ಗೆ ಶಿಲ್ಲಿಂಗ್ ಅವರಿಗೂ ಡೆಬಿಯನ್ ಎಂಬ ಲಿನಕ್ಸ್ ಬಳಗಕ್ಕೂ ಭಿನ್ನಾಭಿಪ್ರಾಯ ಬೆಳೆದು, ಡೆಬಿಯನ್ನಿನವರು ಹಳೆಯ ಕೋಡ್ ತೆಗೆದುಕೊಂಡು ‘ವೋಡಿಮ್’ ಎಂಬ ಪ್ರತ್ಯೇಕ ಪ್ರೋಗ್ರಾಮ್ ಕಟ್ಟಿದರು. ಸಿಡಿರೆಕಾರ್ಡಿನ ಹೆಸರನ್ನೇ ನೆಚ್ಚಿದ್ದ ಸ್ಕ್ರಿಪ್ಟುಗಳನ್ನು ಮತ್ತೊಮ್ಮೆ ನೋಡಿಕೊಳ್ಳಬೇಕಾಯಿತು. ಕೆತ್ರೀಬಿ ಎರಡನ್ನೂ ಬಳಸಬಲ್ಲದ್ದಾಗಿತ್ತು, ಹಾಗಾಗಿ ಬಳಕೆದಾರರು ಅದೇ ಬಟನ್ ಒತ್ತುತ್ತ ಮುಂದುವರಿಯಬಹುದಿತ್ತು. ಸ್ಕ್ರಿಪ್ಟ್ ಒಮ್ಮೆ ಬರೆದರೆ ಮುಗಿಯಿತು ಎಂದುಕೊಳ್ಳುವವರು ಇದನ್ನು ನೆನಪಿಡಬೇಕು. ಬರೆದಿಟ್ಟ ಸ್ಕ್ರಿಪ್ಟಿಗೂ ಆಗಾಗ ಆರೈಕೆ ಬೇಕು.

ಸ್ಕ್ರಿಪ್ಟ್ ಎಲ್ಲಿ ಗೆಲ್ಲುತ್ತದೆ?

ಮದುವೆಯ ಮನೆಗೆ ಅಡುಗೆ ಭಟ್ಟರು ಸಾಮಾನಿನ ಪಟ್ಟಿ ಬರೆದುಕೊಡುತ್ತಾರೆ. ಆ ಪಟ್ಟಿ ಕೈಯಲ್ಲಿದ್ದರೆ ಅಂಗಡಿಗೆ ಯಾರು ಹೋದರೂ ಅದೇ ಸಾಮಾನು ಬರುತ್ತದೆ, ಮುಂದಿನ ಮದುವೆಗೂ ಅದೇ ಪಟ್ಟಿ ಆಗುತ್ತದೆ, ತಪ್ಪಿದ್ದರೆ ಯಾವ ಸಾಲಿನಲ್ಲಿ ತಪ್ಪಿದೆಯೆಂದು ಬೊಟ್ಟಿಟ್ಟು ತೋರಿಸಬಹುದು. ಸ್ಕ್ರಿಪ್ಟಿನ ಶಕ್ತಿಯೂ ಇದೇ. ಅದು ಕೆಲಸವನ್ನು ಬರವಣಿಗೆಗೆ ಇಳಿಸುತ್ತದೆ.

ಒಂದು ಸಂಸ್ಥೆ ಹಳೆಯ ಧ್ವನಿಮುದ್ರಿಕೆಗಳ ನೂರಾರು ಸಿ.ಡಿ. ತಯಾರಿಸಬೇಕು ಎಂದಿಟ್ಟುಕೊಳ್ಳಿ. ಒಳ್ಳೆಯ ಸ್ಕ್ರಿಪ್ಟ್ ಹೀಗೆ ನಡೆಯುತ್ತದೆ. ಮೊದಲು ಫೋಲ್ಡರಿನ ಗಾತ್ರ ಅಳೆದು, 3,60,000 ಸೆಕ್ಟರಿಗೆ ಮೀರಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಫೈಲಿನ ಹ್ಯಾಷ್ ಮೌಲ್ಯ ಲೆಕ್ಕ ಹಾಕಿ, ಆ ಪಟ್ಟಿಯನ್ನೂ ಸಿ.ಡಿ.ಯೊಳಗೇ ಸೇರಿಸುತ್ತದೆ. ಹ್ಯಾಷ್ ಎಂದರೆ ಫೈಲಿನ ಎಲ್ಲ ಬೈಟುಗಳಿಂದ ಲೆಕ್ಕ ಹಾಕಿ ತೆಗೆದ ಒಂದು ಉದ್ದದ ಅಂಕಿ. ಒಂದೇ ಒಂದು ಬಿಟ್ ಬದಲಾದರೂ ಈ ಅಂಕಿ ಬೇರೆಯಾಗುತ್ತದೆ. ಬಳಿಕ ಇಮೇಜ್ ತಯಾರಿಸಿ, ನಿಗದಿತ ವೇಗದಲ್ಲಿ ಬರೆಯುತ್ತದೆ. ಸಿ.ಡಿ.ಯನ್ನು ಹೊರಗೆ ತಳ್ಳಿ ಮತ್ತೆ ಒಳಗೆ ತೆಗೆದುಕೊಳ್ಳುತ್ತದೆ. ಆಮೇಲೆ ಪೂರ್ತಿ ಓದಿ, ಇಮೇಜಿನ ಹ್ಯಾಷ್ ಜೊತೆ ತಾಳೆ ನೋಡುತ್ತದೆ. ಕೊನೆಗೆ ತಾರೀಖು, ಸಿ.ಡಿ.ಯ ಸಂಖ್ಯೆ, ಫಲಿತಾಂಶವನ್ನು ಒಂದು ದಾಖಲೆ ಫೈಲಿನಲ್ಲಿ ಬರೆಯುತ್ತದೆ.

ಈ ತಾಳೆ ನೋಡುವ ಹಂತದಲ್ಲಿ ಒಂದು ಸೂಕ್ಷ್ಮವಿದೆ. ಟ್ರ್ಯಾಕ್ ಟ್ರ್ಯಾಕಾಗಿ ಬರೆಯುವ ಕ್ರಮದಲ್ಲಿ ಕೊನೆಯಲ್ಲಿ ಒಂದೆರಡು ಹೆಚ್ಚುವರಿ ಸೆಕ್ಟರುಗಳು ಉಳಿಯುತ್ತವೆ, ಅವನ್ನು ಓದಹೋದರೆ ದೋಷ ಬರುತ್ತದೆ. ಸಿ.ಡಿ. ಸರಿಯಾಗಿಯೇ ಇದ್ದರೂ ಕೆಟ್ಟಿದೆ ಎಂಬ ಭಾವನೆ ಹುಟ್ಟುತ್ತದೆ. ಹಾಗಾಗಿ ಇಮೇಜಿನಲ್ಲಿ ಎಷ್ಟು ಸೆಕ್ಟರ್ ಇತ್ತೋ ಅಷ್ಟನ್ನೇ ಓದಬೇಕು. ಇಂಥ ಅನುಭವದ ಮಾತನ್ನು ಸ್ಕ್ರಿಪ್ಟಿನಲ್ಲಿ ಒಂದು ಸಾಲಾಗಿ, ಪಕ್ಕದಲ್ಲಿ ಒಂದು ಟಿಪ್ಪಣಿಯಾಗಿ ಬರೆದಿಡಬಹುದು. ಬರೆದವನು ಕೆಲಸ ಬಿಟ್ಟು ಹೋದ ಮೇಲೂ ಆ ತಿಳಿವಳಿಕೆ ಸಂಸ್ಥೆಯಲ್ಲಿ ಉಳಿಯುತ್ತದೆ.

ಹಾಗೆಂದು ಸ್ಕ್ರಿಪ್ಟ್ ಅಪಾಯವಿಲ್ಲದ್ದಲ್ಲ. ಹೇಳಿದ್ದನ್ನು ಅದು ಪ್ರಶ್ನೆಯಿಲ್ಲದೆ ಮಾಡುತ್ತದೆ. ಅಳಿಸು ಎಂದರೆ ಅಳಿಸಿಯೇಬಿಡುತ್ತದೆ. ಎರಡು ಡ್ರೈವ್ ಇರುವ ಕಂಪ್ಯೂಟರಿನಲ್ಲಿ ತಪ್ಪು ಡ್ರೈವಿನ ಹೆಸರು ಕೊಟ್ಟರೆ ತಪ್ಪು ಸಿ.ಡಿ. ಹೋಗುತ್ತದೆ. ಫೈಲಿನ ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಅಜಾಗರೂಕತೆಯಿಂದ ಬರೆದ ಸ್ಕ್ರಿಪ್ಟ್ ಆ ಹೆಸರನ್ನು ಎರಡು ತುಂಡು ಮಾಡಿಕೊಳ್ಳುತ್ತದೆ. ಮೊದಲ ಸಲ ಅಣಕು ಓಟ ಮಾಡಿ ನೋಡುವುದು, ಅಳಿಸುವ ಮುನ್ನ ಒಂದು ಮಾತು ಕೇಳುವಂತೆ ಬರೆಯುವುದು, ಯಾವುದೇ ಹಂತ ಕೆಟ್ಟರೆ ಮುಂದೆ ಹೋಗದಂತೆ ಕಟ್ಟುವುದು: ಈ ಮೂರೂ ಸ್ಕ್ರಿಪ್ಟ್ ಬರೆಯುವವರ ಕರ್ತವ್ಯ.

ಕೋರ್ಟಿನ ಮುಂದೆ ಬಂದ ಸಿ.ಡಿ.

ದಾಖಲೆಯ ಮಾತು ಬರೀ ತಂತ್ರಜ್ಞರ ಗೀಳಲ್ಲ. 2014ರ ಸೆಪ್ಟೆಂಬರಿನಲ್ಲಿ ಅನ್ವರ್ ಮತ್ತು ಬಷೀರ್ ನಡುವಿನ ಕೇರಳದ ಚುನಾವಣಾ ತಕರಾರಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಹತ್ವದ ತೀರ್ಪು ಕೊಟ್ಟಿತು. ಪ್ರಚಾರದ ಹಾಡು, ಭಾಷಣಗಳನ್ನು ಕಂಪ್ಯೂಟರಿಗೆ ಹಾಕಿ ಅಲ್ಲಿಂದ ಬರೆದ ಸಿ.ಡಿ.ಗಳನ್ನು ಸಾಕ್ಷ್ಯವಾಗಿ ಒಪ್ಪಿಸಲಾಗಿತ್ತು. ಸಾಕ್ಷ್ಯ ಕಾಯ್ದೆಯ 65ಬಿ ಕಲಮು ಕೇಳುವ ಪ್ರಮಾಣಪತ್ರ ಜೊತೆಗಿಲ್ಲದ ಕಾರಣ ಕೋರ್ಟ್ ಅವನ್ನು ಸಾಕ್ಷ್ಯವೆಂದು ಪರಿಗಣಿಸಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಈ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಷ್ ಮೌಲ್ಯವನ್ನೂ ಕೇಳುತ್ತದೆ.

ಅಂದರೆ ‘ಈ ಸಿ.ಡಿ.ಯಲ್ಲಿರುವುದು ಮೂಲದಲ್ಲಿದ್ದದ್ದೇ’ ಎಂದು ಹೇಳಬೇಕಾದವರು ಹೇಗೆ ಬರೆದದ್ದು, ಯಾವ ಯಂತ್ರದಲ್ಲಿ ಬರೆದದ್ದು, ಹ್ಯಾಷ್ ಎಷ್ಟು ಎಂಬ ಲೆಕ್ಕ ಇಟ್ಟಿರಬೇಕು. ಇದು ವಕೀಲರಿಗೆ, ಪೊಲೀಸರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಜಮೀನಿನ ವ್ಯಾಜ್ಯಕ್ಕೆಂದು ಫೋಟೊ ಒಪ್ಪಿಸುವ ರೈತನಿಗೂ ಇದು ಬೇಕು. ಕಿಟಕಿಯ ತಂತ್ರಾಂಶಗಳು ಕೆಲಸ ಮುಗಿದ ಮೇಲೆ ಇಂಥದೊಂದು ಚೀಟಿಯನ್ನು ತಾವಾಗಿಯೇ ಕೊಡುವಂತಿದ್ದರೆ ಎಷ್ಟೋ ಜನರ ತೊಂದರೆ ತಪ್ಪುತ್ತದೆ.

ಈಗ ಬರೆಯುವುದಕ್ಕಿಂತ ಓದಿ ಉಳಿಸುವುದು ಮುಖ್ಯ

ಬರೆಯುವ ಸಿ.ಡಿ.ಯ ಜೀವ ಅದರ ಬಣ್ಣದ ಲೇಪದಲ್ಲಿದೆ. ಬಿಸಿಲು, ಶಾಖ, ತೇವ ಮೂರೂ ಅದಕ್ಕೆ ಶತ್ರು. ಬೆಳಕು ಮರಳಿಸುವ ಲೋಹದ ಪದರ ಸಿ.ಡಿ.ಯ ಮೇಲ್ಮೈಗೆ, ಅಂದರೆ ನಾವು ಹೆಸರು ಬರೆಯುವ ಬದಿಗೆ, ತೀರಾ ಹತ್ತಿರವಿರುತ್ತದೆ. ಹಾಗಾಗಿ ಬಾಲ್ ಪೆನ್ನಿನಿಂದ ಒತ್ತಿ ಬರೆಯುವುದು, ಕಾಗದದ ಸ್ಟಿಕ್ಕರ್ ಅಂಟಿಸಿ ಕೀಳುವುದು ಅಪಾಯಕಾರಿ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಮಳೆಗಾಲದ ತೇವವನ್ನು ವರ್ಷಾನುವರ್ಷ ಕುಡಿದ ಸಿ.ಡಿ.ಗಳ ಬಗ್ಗೆ ಇನ್ನಷ್ಟು ಕಾಳಜಿ ಬೇಕು.

ಕೆಡತೊಡಗಿದ ಸಿ.ಡಿ.ಗಳನ್ನು ಓದಿ ಉಳಿಸುವ ಕೆಲಸದಲ್ಲಿ ಕಮಾಂಡಿನ ಸಲಕರಣೆಗಳು ನಿಜವಾಗಿ ಮೇಲುಗೈ ಸಾಧಿಸುತ್ತವೆ. ಸಾಮಾನ್ಯ ವಿಂಡೋದಲ್ಲಿ ಫೈಲ್ ಕಾಪಿ ಮಾಡುವಾಗ ಓದಲಾಗದ ಜಾಗ ಸಿಕ್ಕರೆ ದೋಷದ ಸಂದೇಶ ತೋರಿಸಿ ಆ ಫೈಲನ್ನೇ ಕೈಬಿಡುತ್ತದೆ. ಗ್ನೂ ಬಳಗದ ‘ಡಿಡಿರೆಸ್ಕ್ಯೂ’ ಹಾಗೆ ಮಾಡುವುದಿಲ್ಲ. ಚೆನ್ನಾಗಿರುವ ಭಾಗವನ್ನೆಲ್ಲ ಮೊದಲು ಓದಿಕೊಂಡು, ಕೆಟ್ಟ ಜಾಗಗಳನ್ನು ಒಂದು ನಕ್ಷೆಯ ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಆ ಜಾಗಗಳಿಗೆ ಮತ್ತೆ ಮತ್ತೆ ಹೋಗಿ ಪ್ರಯತ್ನಿಸುತ್ತದೆ. ನಡುವೆ ನಿಲ್ಲಿಸಿ, ಅದೇ ಸಿ.ಡಿ.ಯನ್ನು ಬೇರೆ ಡ್ರೈವಿನಲ್ಲಿ ಹಾಕಿ ಮುಂದುವರಿಸಬಹುದು. ಒಂದು ಡ್ರೈವ್ ಓದಲಾರದ್ದನ್ನು ಇನ್ನೊಂದು ಓದುವುದುಂಟು. ಹಾಡಿನ ಸಿ.ಡಿ.ಗಳಿಗೆ ‘ಸಿಡಿಪ್ಯಾರನೋಯಾ’ ಇದೆ. ಅದು ಒಂದೇ ಭಾಗವನ್ನು ಹಲವು ಸಲ ಓದಿ, ಒಂದಕ್ಕೊಂದು ತಾಳೆಯಾದದ್ದನ್ನು ಇಟ್ಟುಕೊಳ್ಳುತ್ತದೆ.

ಹಾಗಾದರೆ ಎರಡರಲ್ಲಿ ಯಾವುದು ಮೇಲು? ಅಪರೂಪಕ್ಕೊಮ್ಮೆ ಮಾಡುವ, ಕಣ್ಣಿನಿಂದ ನೋಡಿ ಜೋಡಿಸಬೇಕಾದ ಕೆಲಸಕ್ಕೆ ಕಿಟಕಿಯೇ ಸರಿ. ಪದೇಪದೇ ಮಾಡುವ, ತಪ್ಪಿಲ್ಲದೆ ನಡೆಯಬೇಕಾದ, ನಾಳೆ ಇನ್ನೊಬ್ಬರಿಗೆ ಒಪ್ಪಿಸಬೇಕಾದ ಕೆಲಸಕ್ಕೆ ಸ್ಕ್ರಿಪ್ಟೇ ಸರಿ. ಬಟನ್ ಒತ್ತುವವರು ಕಡಿಮೆಯವರಲ್ಲ, ಕಮಾಂಡ್ ಬರೆಯುವವರು ಹಟಮಾರಿಗಳಲ್ಲ. ತಂತ್ರಾಂಶ ಕಟ್ಟುವ ನಮ್ಮ ಯುವಕ ಯುವತಿಯರಲ್ಲಿ ನನ್ನದೊಂದು ವಿನಂತಿ: ನಿಮ್ಮ ಕಿಟಕಿಯಲ್ಲಿ ‘ಈ ಕೆಲಸವನ್ನು ಸ್ಕ್ರಿಪ್ಟ್ ಆಗಿ ಉಳಿಸು’ ಎಂಬ ಒಂದು ಬಟನ್ ಇರಲಿ, ಅದರ ಮೇಲಿನ ಮಾತು ಕನ್ನಡದಲ್ಲಿಯೂ ಇರಲಿ.

ಓದುಗರಲ್ಲಿ ಇನ್ನೊಂದು ವಿನಂತಿ. ಈ ವಾರದ ರಜೆಯಲ್ಲಿ ಬೀರುವಿನ ಸಿ.ಡಿ.ಗಳನ್ನು ಹೊರತೆಗೆಯಿರಿ. ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಕಂಪ್ಯೂಟರ್ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ. ಓದಲು ಬರುವುದನ್ನು ನಿಮಗೆ ಗೊತ್ತಿರುವ ಯಾವ ಸಲಕರಣೆಯಿಂದಲಾದರೂ ಕಾಪಿ ಮಾಡಿ, ಓದಲು ಬಾರದ್ದನ್ನು ಎಸೆಯದೆ ಡಿಡಿರೆಸ್ಕ್ಯೂ ಬಲ್ಲ ಒಬ್ಬರ ಕೈಗೆ ಕೊಡಿ. ಎರಡು ಬೇರೆ ಕಡೆ ಪ್ರತಿ ಇಡಿ, ಹ್ಯಾಷ್ ಪಟ್ಟಿಯೊಂದನ್ನು ಜೊತೆಗಿಡಿ, ಏನು ಮಾಡಿದಿರೆಂದು ನಾಲ್ಕು ಸಾಲು ಬರೆದಿಡಿ. ಬಟನ್ನಿನಿಂದ ಮಾಡಿದಿರೋ, ಕಮಾಂಡಿನಿಂದ ಮಾಡಿದಿರೋ ಎಂಬುದು ದೊಡ್ಡದಲ್ಲ. ಸಿ.ಡಿ. ಓದಲು ಬರುತ್ತಿರುವಾಗಲೇ ಆ ಕೆಲಸ ಮುಗಿಸುವುದು ಮುಖ್ಯ.